ಒಂದು ಜನ ಜಾಸ್ತಿ

ಕಾಕನ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದಾಗಿರುತ್ತಿತ್ತು. ಮುದ್ರೆಯ ಶಾಯಿ ಉಗುರಿನ ಬುಡಕ್ಕೆ ಇಳಿದು ಅಲ್ಲೇ ನೆಲೆಸಿಬಿಟ್ಟಿತ್ತು. ಬಲಗೈಯದೋ ಎಡಗೈಯದೋ ಎಂದು ಯಾರಾದರೂ ಒತ್ತಾಯಿಸಿ ಕೇಳಿದರೆ ನಾನು ತಡವರಿಸುತ್ತೇನೆ. ಆ ವರ್ಷದ ದಿನಚರಿ ನನ್ನ ಬಳಿ ಇದೆ. ಅದರಲ್ಲಿ ಬೆರಳಿನ ಮಾತೇ ಇಲ್ಲ. ಪುಟಪುಟಕ್ಕೂ ನನ್ನ ಚಿಂತೆಯೇ ತುಂಬಿದೆ. ಆದ್ದರಿಂದ ಇಲ್ಲಿ ಕೆಲವು ವಿವರ ತಪ್ಪಿರಬಹುದು. ನನಗೆ ಅನುಕೂಲವಾಗುವಂತೆ ತಪ್ಪಿರಬಹುದು ಎಂಬುದೇ ನನ್ನ ಹೆದರಿಕೆ.

ಕತಾರ್‌ನ ಅಲ್ ವಕ್ರಾದಲ್ಲಿ ಅವರದೊಂದು ಟೈಪಿಂಗ್ ಸೆಂಟರ್ ಇತ್ತು. ವೀಸಾ, ಬಾಡಿಗೆ ಕರಾರು, ಮಕ್ಕಳ ಜನನಪತ್ರ, ಏನೇ ಇದ್ದರೂ ಅರಬ್ಬಿಯಲ್ಲಿ ಅರ್ಜಿ ತುಂಬಿಕೊಡುವ ಒಂದೇ ಕೋಣೆಯ ಅಂಗಡಿ. ಮಂಗಳೂರು ಕಡೆಯ ಬ್ಯಾರಿಗಳು, ಹೆಂಡತಿ ತೀರಿಕೊಂಡಿದ್ದರು. ಎಲ್ಲರಿಗೂ ಅವರು ಕಾಕ. ನಮ್ಮ ಬಾಗಲಕೋಟೆ ಕಡೆ ತಂದೆಯ ತಮ್ಮನನ್ನು ಹಾಗೆ ಕರೆಯುವುದರಿಂದ ನನ್ನ ಬಾಯಿಗೂ ಅದು ಮೊದಲ ದಿನವೇ ಹತ್ತಿತು.

ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಅರ್ಜಿಯ ಒಂದು ಚೌಕವನ್ನೂ ಖಾಲಿ ಬಿಡುತ್ತಿರಲಿಲ್ಲ. ಉತ್ತರವಿಲ್ಲದ ಕಡೆ ಗೆರೆ ಎಳೆಯುತ್ತಿದ್ದರು. "ಖಾಲಿ ಬಿಟ್ರೆ ಆಫೀಸಿನವ ತನಗೆ ತೋಚಿದ್ದು ತುಂಬಿಸ್ತಾನೆ ತಂಗಿ. ಮತ್ತೆ ಅಳ್ಲಿಕ್ಕೆ ನನ್ನ ಹತ್ರವೇ ಬರ್ತೀರಿ."

ನಾನು ಆಗ ಅಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮಾಡುವ ಅಣ್ಣನ ಮನೆಯಲ್ಲಿದ್ದೆ. ಎರಡು ಕೋಣೆಯ ಫ್ಲ್ಯಾಟು. ಅಣ್ಣ, ವೈನಿ, ಇಬ್ಬರು ಮಕ್ಕಳು, ಹಾಲ್‌ನ ಸೋಫಾದ ಮೇಲೆ ನಾನು. ಮದುವೆಯಾಗಿ ಮೂರನೇ ವರ್ಷ. ಗಂಡ ಅಮೆರಿಕದಲ್ಲಿ ಒಂದು ಗೋದಾಮಿನಲ್ಲಿದ್ದ. ನನ್ನನ್ನು ಕರೆಸಿಕೊಳ್ಳಲು ಅವನ ಸಂಬಳ ಸಾಲದು, ಜೊತೆಗೆ ಇನ್ನೊಬ್ಬರು ಜಾಮೀನು ನಿಲ್ಲಬೇಕು ಎಂದು ವೀಸಾ ಕಚೇರಿಯಿಂದ ಪತ್ರ ಬಂದಿತ್ತು. ಅಲ್ಲಿದ್ದ ಅವನ ಅಕ್ಕ ಮೊದಲು ಒಪ್ಪಿ, ಆಮೇಲೆ ಹಿಂದೆ ಸರಿದಳು. ಗಂಡ ಹೆಂಡತಿ ಬೇರೆಯಾದರೂ ಆ ಸಹಿ ಅಳಿಯುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಅದು ಸುಳ್ಳೇನಲ್ಲ. ನನ್ನ ಶಾಲೆಯ ಕರಾರು ಬೇಸಿಗೆಗೆ ಮುಗಿಯುವುದರಲ್ಲಿತ್ತು. ಅದರೊಡನೆ ಕತಾರ್‌ನ ವಾಸವೂ ಮುಗಿಯುತ್ತಿತ್ತು.

ಕಾಕ ಪತ್ರ ಓದಿ, "ಸ್ಪಾನ್ಸರ್ ಬೇಕು, ಅಷ್ಟೇ ಅಲ್ವಾ? ಇದಕ್ಕೆಂತ ಇಷ್ಟು ತಲೆಬಿಸಿ?" ಎಂದರು. ಮರುವಾರ ತಮ್ಮದೇ ಆದಾಯಪತ್ರ, ಬ್ಯಾಂಕಿನ ಕಾಗದ, ಅಂಗಡಿಯ ಲೈಸೆನ್ಸಿನ ಪ್ರತಿ, ಎಲ್ಲಕ್ಕೂ ನೇರಳೆ ಮುದ್ರೆ ಒತ್ತಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ನನ್ನ ಮುಂದಿಟ್ಟರು. ತಾವೇ ಜಾಮೀನು ನಿಲ್ಲಲು ಹೊರಟಿದ್ದರು! ಕತಾರ್‌ನಲ್ಲಿ ಆಯುಷ್ಯ ಸವೆಸಿದವರಿಗೆ ಸ್ಪಾನ್ಸರ್ ಎಂದರೆ ಕಫೀಲ. ಮುದ್ರೆ ಒತ್ತಿ ನಿಮ್ಮನ್ನು ಇರಗೊಡುವವನು. ಅಮೆರಿಕದ ಜಾಮೀನಿಗೆ ಅಮೆರಿಕದಲ್ಲೇ ಇರುವವರು ಬೇಕೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ನಾನು ಹೇಳಿದಾಗ ಕಾಗದಗಳನ್ನು ಮೆಲ್ಲಗೆ ಜೋಡಿಸಿಕೊಂಡರು. "ಛೆ, ಇಷ್ಟು ವರ್ಷ ಊರಿಗೆಲ್ಲ ಫಾರ್ಮ್ ತುಂಬಿಸಿದವ ಒಂದು ಸಾಲು ಓದದೆ ಬಿಟ್ಟೆ ನೋಡಿ," ಎಂದು ನಕ್ಕರು. ಆ ನಗುವಿನಲ್ಲಿ ನಾಚಿಕೆಯಿತ್ತು. ಅಂದೇ ಆ ಅರ್ಜಿಯ ಸೂಚನೆಗಳನ್ನೆಲ್ಲ ಪ್ರಿಂಟ್ ತೆಗೆದರು. ಮುಂದಿನ ಸಲ ಹೋದಾಗ ಆ ಹಾಳೆಗಳ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಅನುಮಾನವಿಲ್ಲ.

"ನನ್ನ ಮಗಳು ಇದ್ದಾಳಲ್ಲ ಅಮೆರಿಕದಲ್ಲಿ, ನರ್ಸು," ಎಂದರು. "ಅವಳು ಹಾಕ್ತಾಳೆ ಸಹಿ."

"ಬೇಡ ಕಾಕ, ಅವರಿಗ್ಯಾಕೆ ತ್ರಾಸು? ನನ್ನ ಮುಖಾನೂ ನೋಡಿಲ್ಲ ಅವರು."

"ನಾನು ನೋಡಿದ್ದೇನಲ್ಲ ಮಾರಾಯ್ತಿ. ಅಷ್ಟು ಸಾಕು."

ಮಗಳ ಪರವಾಗಿ ಅರ್ಜಿಯನ್ನು ಅವರೇ ತುಂಬಿದರು. ಸಹಿ ಮಾತ್ರ ಅವಳು ಹಾಕಬೇಕಿತ್ತು. ಆ ದಿನ ನನಗೆ ಪರೀಕ್ಷೆಯ ಕೆಲಸ. ನನ್ನ ಕಾಗದಗಳನ್ನು ತೆಗೆದುಕೊಂಡು ಅಣ್ಣ ಕಾಕನ ಅಂಗಡಿಗೆ ಹೋದ. ದಿನಚರಿಯಲ್ಲಿ ಹೀಗಿದೆ: "ಅಣ್ಣ ತಡವಾಗಿ ಬಂದ. 'ಖಲಾಸ್, ಎಲ್ಲಾ ಆತು' ಅಂದ. ಊಟ ಮಾಡಲಿಲ್ಲ." ಶಿಫ್ಟಿನ ದಣಿವು ಎಂದು ಆಗ ಅಂದುಕೊಂಡಿರಬೇಕು. ಅಥವಾ ಏನೂ ಅಂದುಕೊಳ್ಳಲಿಲ್ಲ. ನನಗೆ ಬೇಕಾದ ಮಾತನ್ನು ಅವನು ಹೇಳಿಯಾಗಿತ್ತು.

ವೀಸಾ ಬಂತು. ಸಿಹಿ ತೆಗೆದುಕೊಂಡು ಹೋದಾಗ ಕಾಕ, "ಹೋಗಿ ನನ್ನ ಮಗಳಿಗೊಂದು ಫೋನ್ ಮಾಡಿ. ಅವಳಿಗೆ ಅಲ್ಲಿ ಕನ್ನಡ ಮಾತಾಡ್ಲಿಕ್ಕೆ ಜನ ಇಲ್ಲ," ಎಂದರು. ಅವರು ನನ್ನಿಂದ ಕೇಳಿದ್ದು ಅದೊಂದೇ. ಅಮೆರಿಕಕ್ಕೆ ಬಂದ ಮೊದಲ ವರ್ಷ ಎರಡು ಸಲ ಮಾಡಿದೆ. ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ.

ಕಾಕ ಹೋದ ಸುದ್ದಿ ವೈನಿಯಿಂದ ತಿಳಿಯಿತು. ಕಣ್ಣು ಮಂಜಾಗಿ ಅಂಗಡಿ ಬಿಟ್ಟುಕೊಟ್ಟಿದ್ದರಂತೆ, ಕೊನೆಗೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರಂತೆ. ಅಲ್ಲಿಯೇ ಮಣ್ಣು ಮಾಡಿದರು. ಮಗಳಿಗೆ ಬರಲಾಗಲಿಲ್ಲ. ನಾಚಿಕೆ ಬಿಟ್ಟು ಅವಳಿಗೆ ಫೋನ್ ಮಾಡಿದೆ.

"ಉಪ್ಪನನ್ನು ಇಲ್ಲಿಗೆ ಕರೆಸ್ಲಿಕ್ಕೆ ಅರ್ಜಿ ಹಾಕಿದ್ದೆ ಅಕ್ಕ," ಎಂದಳು. ತಂದೆಯನ್ನು ಅವಳು ಹಾಗೆ ಕರೆಯುತ್ತಿದ್ದಳು. "ನನ್ನ ಸಂಬಳಕ್ಕೆ ಒಂದು ಜನ ಜಾಸ್ತಿ ಆಯ್ತು."

ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಒಮ್ಮೆ ಜಾಮೀನು ನಿಂತರೆ, ಆ ಮನುಷ್ಯ ವರ್ಷಗಟ್ಟಲೆ ನಿಮ್ಮ ಮನೆಯವರ ಎಣಿಕೆಯಲ್ಲೇ ಉಳಿಯುತ್ತಾನೆ. ಆಮೇಲೆ ಇನ್ನೊಬ್ಬರನ್ನು ಕರೆಸಬೇಕಾದರೆ ನಿಮ್ಮ ಸಂಬಳ ಅವನನ್ನೂ ಸೇರಿಸಿ ಸಾಲಬೇಕು. ಆ ಒಂದು ಜನ ನಾನು.

"ನನ್ನನ್ನ ಕೇಳಬೇಕಿತ್ತು. ಈಗ ನಾವೂ ಇಬ್ಬರು ದುಡೀತೀವಿ, ನಾವು ನಿಲ್ಲುತ್ತಿದ್ದೆವು," ಎಂದೆ.

"ಕೇಳುವಾ ಅಂತ ಹೇಳಿದೆ. ಉಪ್ಪ ಒಪ್ಪಲಿಲ್ಲ. ಜಾಮೀನು ಕೊಟ್ಟವರು ತಿರುಗಿ ಕೇಳ್ಲಿಕ್ಕೆ ಉಂಟಾ ಅಂತ ನನಗೇ ಬೈದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಾಕನಿಗೆ ಮೊದಲೇ ಗೊತ್ತಿತ್ತೇ? ಅರ್ಜಿಯ ಸೂಚನೆಗಳಲ್ಲಿ ಈ ಎಣಿಕೆಯ ಸಾಲಿದೆ. ನಾನು ಈಗ ಹುಡುಕಿ ಓದಿದ್ದೇನೆ. ಪೆನ್ಸಿಲ್ ಹಿಡಿದು ಓದಿದವರು ಅದನ್ನು ದಾಟಿ ಹೋಗಿರಲಾರರು. ಆ ಹಾಳೆಗಳನ್ನು ನೋಡಿದಾಗ ಅಂಚಿನಲ್ಲಿ ಏನು ಬರೆದಿದೆ ಎಂದು ಯಾಕೆ ಕೇಳಲಿಲ್ಲ ನಾನು?

ಹೋದ ತಿಂಗಳು ದೋಹಾಕ್ಕೆ ಹೋಗಿದ್ದೆ. ಅಣ್ಣ ಈಗ ಅಲ್ ಥುಮಾಮಾದಲ್ಲಿದ್ದಾನೆ. ಹಟ ಹಿಡಿದು ಅವನನ್ನು ವಕ್ರಾಕ್ಕೆ ಹೊರಡಿಸಿದೆ. ಸೆಂಟರ್ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಾವು ಕಾರಿನಿಂದ ಇಳಿಯಲಿಲ್ಲ. ಅವನು ರಸ್ತೆಯನ್ನೇ ನೋಡುತ್ತ ಕುಳಿತಿದ್ದ. "ಯಲ್ಲಾ, ಹೋಗೂಣು. ನಿಮ್ಮ ವೈನಿ ರೊಟ್ಟಿ ಮಾಡ್ಯಾಳ," ಎಂದ.

ಆಗ ನಾನು ಕೇಳಿದ್ದನ್ನು ಅವನು ಕೇಳಿಸಿಕೊಂಡ. ಸ್ಟಿಯರಿಂಗಿನ ಮೇಲಿದ್ದ ಅವನ ಕೈ ನಿಂತದ್ದನ್ನು ನೋಡಿದೆ. ಆಮೇಲೆ ಕಾರು ಚಾಲೂ ಮಾಡಿದ. ವಿಮಾನ ಹತ್ತಿಸುವವರೆಗೂ ಆ ಮಾತಿಗೆ ಬರಲಿಲ್ಲ, ಇಂದಿಗೂ ಬಂದಿಲ್ಲ.

"ಅಣ್ಣಾ, ಅರ್ಜಿ ತುಂಬಿದ ದಿನ ಕಾಕ ಆ ಎಣಿಕಿ ಸಾಲು ನಿನಗ ಓದಿ ಹೇಳಿದ್ರೇನು?"