‘ಕೊಲೆಗಾರ’ ಜವರಪ್ಪನವರ ನೊರೆಹಾಲು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಷ್ಮಾ ಅವರ ಮನೆ ಮುಂದೆ ಹಸು ಗೌರಿಯನ್ನು ನಿಲ್ಲಿಸಿ, ಜವರಪ್ಪ ಖಾಲಿ ಚೊಂಬನ್ನು ಬೋರಲು ಮಾಡಿ ತೋರಿಸುತ್ತಾರೆ. “ನೋಡ್ಕಳಿ ಅಮ್ಮಾವ್ರೇ, ತೊಟ್ಟು ನೀರಿಲ್ಲ.” ಆಮೇಲೆ ಕುಕ್ಕರಗಾಲಲ್ಲಿ ಕೂತು ಕರೆಯುತ್ತಾರೆ, ನೊರೆ ಚೊಂಬಿನ ಕಂಠಕ್ಕೆ ಏರುತ್ತದೆ. ಮನೆಯವರ ಕಣ್ಣೆದುರೇ ಹಾಲು ಕರೆದು ಕೊಡುವ ಪದ್ಧತಿ ಪ್ಯಾಕೆಟ್ ಹಾಲಿನ ಈ ಕಾಲದಲ್ಲೂ ಇವರಿಂದಾಗಿ ಉಳಿದಿದೆ.

ಇಂಥ ಮನುಷ್ಯನಿಗೆ ಹೆದರಿ ಹೋದ ವರ್ಷ, 2006ರಲ್ಲಿ, ಇದೇ ಬೀದಿ ಗೇಟು ಹಾಕಿಕೊಂಡಿತ್ತು!

ಆಗಿದ್ದಿಷ್ಟು. ಟೀವಿಯ ಅಪರಾಧ ಕಾರ್ಯಕ್ರಮದವರು ನಿಜವಾದ ಕೊಲೆ ಪ್ರಕರಣವೊಂದನ್ನು ಆಡಿಸಿ ತೋರಿಸಲು ಇಲವಾಲದಲ್ಲಿ ಚಿತ್ರೀಕರಣ ನಡೆಸಿದ್ದರು. ಅಲ್ಲಿ ಅಕ್ಕನ ಮನೆಗೆ ಹೋಗಿದ್ದ ಜವರಪ್ಪನವರ ಗಿರಿಜಾ ಮೀಸೆ ಟೀವಿಯವರ ಕಣ್ಣಿಗೆ ಬಿತ್ತು. “ಮಚ್ಚು ಕೊಟ್ರು. ಕಣ್ಣು ಬುಡು ಅಂದ್ರು, ಬುಟ್ಟೆ. ಅಷ್ಟೇಯ” ಎನ್ನುತ್ತಾರೆ ಇವರು. ಪ್ರಸಾರವಾದಾಗ ಢಂ ಢಂ ಸಂಗೀತ, ಕೆಂಪು ಬೆಳಕು, ‘ಇವನೇ ಆ ನರರಾಕ್ಷಸ’ ಎಂಬ ಅಬ್ಬರ. ಇದು ನಟನೆ ಎಂದು ಒಂದು ಸಾಲೂ ಇಲ್ಲ. ಅಲ್ಲ ಸ್ವಾಮಿ, ಹಾಕಿದ್ದರೆ ಟೀವಿಯವರ ಗಂಟೇನು ಹೋಗುತ್ತಿತ್ತು?

ಮಾರನೆಯ ದಿನದಿಂದ ಹಾಲು ಕೊಳ್ಳುವವರಿಲ್ಲ. ಗೌರಿಯನ್ನು ಮಾರುವ ಮಾತು ಮನೆಯಲ್ಲಿ ಎದ್ದಿತು. ಮೀಸೆ ಬೋಳಿಸು ಎಂದರು ನೆಂಟರು. “ತಪ್ಪು ಮಾಡ್ದೋನು ಮುಖ ಮರೆಸ್ಕತಾನೆ. ನಾನ್ಯಾಕ್ ಮೀಸೆ ತೆಗೀಲಿ?”

ಬದಲಿಗೆ ನಜರ್‌ಬಾದಿಗೆ ಹೋಗಿ ಭಾಗ್ಯಮ್ಮನವರನ್ನು ಕರೆತಂದರು. ಹೂ ಮಾರುವ ಭಾಗ್ಯಮ್ಮ, ಅದೇ ಕಾರ್ಯಕ್ರಮದಲ್ಲಿ ಜವರಪ್ಪನವರ ಮಚ್ಚಿಗೆ ‘ಸತ್ತಿದ್ದವರು’. ಬೆಳಗಾಗೆದ್ದು ಹೆಣವೇ ಬಂದು ಗೇಟು ತಟ್ಟಿದರೆ ಹೇಗಾಗಬೇಡ? ಸುಷ್ಮಾ ನಗುತ್ತಾರೆ: “ಕಿರುಚಿಬಿಟ್ಟೆ ಕಣ್ರೀ! ಆಯಮ್ಮ, ‘ನಾನ್ ಸತ್ತಿಲ್ಲ ಕಣವ್ವಾ. ಇವ್ನ ಕೈಲಿ ಒಂದ್ ಕೋಳಿ ಕುಯ್ಯಕಾಗಲ್ಲ. ಪಾತ್ರೆ ತಕ್ಕೊಂಬಾ’ ಅಂದ್ರು. ನಾಚಿಕೆಯಾಗೋಯ್ತು.” ಭಾಗ್ಯಮ್ಮ ಮನೆಮನೆಗೂ ಹೋದರು. ವಾರದೊಳಗೆ ಬೀದಿಯ ಗೇಟುಗಳೆಲ್ಲ ತೆರೆದವು. ಗೌರಿ ಉಳಿದಳು; ಅವಳ ಹಿಂದೆ ಈಗ ಇನ್ನೊಂದು ಹಸುವೂ ಬರುತ್ತದೆ. ಭಲೇ ಜವರಪ್ಪ!

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಹಿಂದೆ ತಿರುಗುತ್ತಾರೆ. ಎರಡನೇ ಹಸುವಿನ ಹಗ್ಗ ಹಿಡಿದು ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಹೆಸರು ಚಿಕ್ಕಯ್ಯ. ಆ ಕೊಲೆ ಪ್ರಕರಣದ ನಿಜವಾದ ಆರೋಪಿ; ಟೀವಿಯಲ್ಲಿ ಜವರಪ್ಪ ಆಡಿದ್ದು ಇವರ ಪಾತ್ರವನ್ನೇ. ತಪ್ಪಿಲ್ಲವೆಂದು ನ್ಯಾಯಾಲಯ ಬಿಡುಗಡೆ ಮಾಡಿದೆ. ಟೀವಿ ಅದನ್ನು ತೋರಿಸಲಿಲ್ಲ.

“ನನ್ ಪರ ಮಾತಾಡಕ್ಕೆ ಸತ್ತೋಳೇ ಎದ್ ಬಂದ್ಲು ಸಾ. ಈವಯ್ಯಂಗೆ ಯಾರವ್ರೆ?”

ಮೀಸೆ ತಿರುವಿ ಮುಂದಿನ ಗೇಟು ತಟ್ಟುತ್ತಾರೆ. ಗೇಟು ತೆರೆಯುತ್ತದೆ. ಚೊಂಬನ್ನು ಬೋರಲು ಮಾಡಿ ತೋರಿಸಿ, ಚಿಕ್ಕಯ್ಯನವರ ಕೈಗಿಡುತ್ತಾರೆ.

“ನೋಡ್ಕಳಿ ಅಮ್ಮಾವ್ರೇ, ತೊಟ್ಟು ನೀರಿಲ್ಲ. ಇವತ್ತು ಚಿಕ್ಕಯ್ಯ ಕರೀತಾನೆ.”