ಬರ್ಗರ್ ಗಾಡಿಯ ಮೊದಲ ಗಿರಾಕಿ

ಹಾಲಾಡಿ ಪೇಟೆಯಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಗಿರಾಕಿಗಳನ್ನು ಮಾತಿನಲ್ಲೇ ಹಿಡಿದು ನಿಲ್ಲಿಸುವವಳು. ಬಂಗುಡೆಯ ಕಿವಿರು ಎತ್ತಿ ತೋರಿಸಿ, "ಮುಟ್ಟಿ ಕಾಣಿ, ಆಮೇಲ್ ಮಾತಾಡಿ" ಎನ್ನುವಳು.

ಒಮ್ಮೆ ಅವಳ ಎದುರಿಗೇ ಬೈಂದೂರು ಕಡೆಯ ತರುಣಿಯೊಬ್ಬಳು ಬರ್ಗರ್ ಗಾಡಿ ಇಟ್ಟಳು. ಮೊದಲ ದಿನ ಜನ ಬೋರ್ಡು ಓದಿ ಮುಂದೆ ಹೋದರೇ ಹೊರತು ಯಾರೂ ನಿಲ್ಲಲಿಲ್ಲ. ಸಂಜೆಯಾಗುತ್ತಾ ಆ ತರುಣಿಯ ಮುಖ ಬಾಡಿತು.

ಮೀನಿನವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು. "ನಂಗೊಂದ್ ಚೀಸ್ ಬರ್ಗರ್ ಕೊಡ್ ಮಗಾ, ಆ ಬಟಾಟೆ ಕಡ್ಡಿಯೂ ಇರ್ಲಿ" ಎಂದಳು. ಬಸ್ಸಿಗೆ ಕಾಯುತ್ತಿದ್ದವರ ಎದುರೇ ನಿಂತು, ತುಟಿಗಂಟಿದ ಚೀಸನ್ನು ಬೆರಳಲ್ಲಿ ಒರೆಸುತ್ತ ಚಪ್ಪರಿಸಿ ತಿಂದಳು. "ಹ್ವಾಯ್, ಬಿಸಿ ಇತ್ತ್, ಬನ್ನಿ" ಎಂದು, ಅಲ್ಲೇ ನಿಂತಿದ್ದ ಅವಳ ಹಳೇ ಗಿರಾಕಿ ನನ್ನನ್ನೂ ಕರೆದಳು. ನಾನು ಹೋದೆ. ನನ್ನ ಹಿಂದೆಯೇ ಬಸ್ಸಿಗೆ ಕಾಯುತ್ತಿದ್ದವರೂ ಬಂದರು.

ಗಾಡಿಯ ಸುತ್ತ ಜನ ಸೇರಿದ ಮೇಲೆ ಅವಳನ್ನು ಮೆಲ್ಲಗೆ ಕೇಳಿದೆ, "ಅಷ್ಟ್ ರುಚಿ ಇತ್ತಾ?"

"ಎಂತ ರುಚಿಯೋ ಮಾರಾಯ್ರೆ, ಉಪ್ಪಿಲ್ಲ, ಖಾರ ಇಲ್ಲ" ಎಂದು ನಕ್ಕಳು. ಮತ್ತೆ ದನಿ ತಗ್ಗಿಸಿ ಹೇಳಿದಳು, "ಆರೆ ನಾನ್ ಮೀನ್ ಮಾರುಕ್ ಬಂದ ಮೊದ್ಲ್ ದಿನ, ತುಂಬಿದ್ ಬುಟ್ಟಿ ಹಾಂಗೇ ಹೊತ್ಕಂಡ್ ಮನಿಗ್ ಹೋದ್ದ್ ಇನ್ನೂ ನೆನ್ಪಿತ್ತ್."