ಮುಖವಾಡ ತೆಗೆದರೂ ನಿಲ್ಲದ ಕೈ

ಇಪ್ಪತ್ತೆರಡು ವರ್ಷ ಊರವರ ಕುತ್ತಿಗೆಯ ಮೇಲೆ ಕತ್ತಿ ಆಡಿಸಿದವನಿಗೆ ಹೆದರಿಕೆ ಎಲ್ಲಿಂದ ಬರಬೇಕು, ಹೇಳಿ! ಕಟಿಂಗ್ ಅಂಗಡಿಯ ಈ ಮನುಷ್ಯ ಒಬ್ಬರಿಗೂ ಒಂದು ಗೀರು ಬೀಳಿಸಿದವನಲ್ಲ. ಅಪ್ಪನಿಂದ ಬಂದ ಅಂಗಡಿ. ಸಂಜೆ ಬಾಗಿಲು ಎಳೆದನೆಂದರೆ ಕಾಲು ತಾನಾಗಿ ನಾಟಕದ ತಾಲೀಮಿನ ಕಡೆಗೆ. "ಮುಖಕ್ಕೆ ಬಣ್ಣ ಬಿದ್ರೆ ಇವ್ರಿಗೆ ಮನೆ ಮರ್ತೇ ಹೋಗುತ್ತೆ" ಎಂದು ಹೆಂಡತಿ ಗೊಣಗುತ್ತಿದ್ದಳು.

ಈ ಸಲ ಅವನದು ಮುದುಕನ ಪಾತ್ರ. ನಾಟಕದ ಮೇಷ್ಟ್ರು ಮಾತು ಕಲಿಸುವ ಮೊದಲು ಮುಖವಾಡ ಕೊಡುವವರು. ಗೋಡೆಯ ಕಡೆ ತಿರುಗಿ ಹಾಕಿಕೊಳ್ಳಬೇಕು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಬೇಕು, ತುಟಿ ಪಿಟಕ್ಕೆನ್ನಬಾರದು. ಬೆನ್ನು, ಮೊಣಕಾಲು, ಬೆರಳು ತಾವಾಗಿಯೇ ಆ ಮುಖಕ್ಕೆ ಒಗ್ಗಬೇಕು. ಚಪ್ಪಾಳೆ ಕೇಳಿದೊಡನೆ ತೆಗೆಯಬೇಕು. "ಮುದುಕನ್ನ ಇಲ್ಲೇ ಬಿಟ್ಟು ಹೋಗಿ, ಮನೆಗೆ ಕರ್ಕೊಂಡು ಹೋಗ್ಬೇಡಿ" ಎನ್ನುತ್ತಿದ್ದರು.

ಅವನು ಹಾಕಿಕೊಂಡ. ಬೆನ್ನು ಬಾಗಿತು, ಮೊಣಕಾಲು ಸಡಿಲವಾಯಿತು, ಬಲಗೈ ನಡುಗತೊಡಗಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮುಖವಾಡ ತೆಗೆದ, ಬೆನ್ನು ನೆಟ್ಟಗಾಯಿತು. ಕೈ ಮಾತ್ರ ನಿಲ್ಲಲಿಲ್ಲ.

"ಅಬ್ಬಬ್ಬಾ, ಇನ್ನೂ ಪಾತ್ರದಲ್ಲೇ ಇದ್ದಾನೆ ನೋಡ್ರೋ!" ಎಂದರು ಮೇಷ್ಟ್ರು. ಹೊಗಳಿಕೆ ಬೇಕೆಂದಾಗ ಸಿಗುವುದಿಲ್ಲ, ಬೇಡದ ದಿನ ರಾಶಿ ಬೀಳುತ್ತದೆ. ಅವನು ತನ್ನ ಬೆರಳುಗಳನ್ನೇ ನೋಡಿದ. ಹೆಬ್ಬೆರಳು ತೋರುಬೆರಳನ್ನು ಉಜ್ಜುವ ಇದೇ ನಡುಕ ಬಂದ ವರ್ಷವೇ ಅಪ್ಪ ಕತ್ತಿ ಕೆಳಗಿಟ್ಟದ್ದು. ಕೊನೆಗೆ ನೀರಿನ ಲೋಟವೂ ಅಪ್ಪನ ಬಾಯಿ ಮುಟ್ಟುತ್ತಿರಲಿಲ್ಲ.

ಮನೆಯಲ್ಲಿ ಎಡಗೈಯಲ್ಲಿ ನೀರು ಕುಡಿದ.

"ಏನ್ರೀ ಅದು, ಹೊಸ ಚಾಳಿ?"

"ಪಾತ್ರದ ಅಭ್ಯಾಸ ಕಣೇ."

ಬೆಳಿಗ್ಗೆ ಕೈ ಸುಮ್ಮನಿತ್ತು. ಎಲ್ಲ ಆ ಮುಖವಾಡದ ಕಿತಾಪತಿ ಎಂದುಕೊಂಡ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೇ ತಾನೇ?

ಅಷ್ಟರಲ್ಲಿ ಮೇಷ್ಟ್ರೇ ಬಂದು ಕುರ್ಚಿಯಲ್ಲಿ ಒರಗಿ ಕುತ್ತಿಗೆ ಎತ್ತಿ ಕಣ್ಣು ಮುಚ್ಚಿದರು. ನೊರೆ ಹಚ್ಚಿದ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ. ಗಂಟಲ ಹತ್ತಿರ ತರುತ್ತಿದ್ದಂತೆ ಬೆರಳು ಶುರುಮಾಡಿತು. ಎಡಗೈಯಿಂದ ಮಣಿಕಟ್ಟು ಅದುಮಿ ಹಿಡಿದ. ಬ್ಲೇಡು ಇನ್ನೂ ಅಲುಗುತ್ತಿತ್ತು. ದೇವರೇ, ಇನ್ನೊಂದು ಬೆರಳಗಲ ಮುಂದೆ ಹೋದರೆ!

ಮೇಷ್ಟ್ರು ಒಂದು ಕಣ್ಣು ತೆರೆದು ಕನ್ನಡಿಯಲ್ಲಿ ನೋಡಿ ನಕ್ಕರು. "ಇಲ್ಲಿ ಬೇಡಪ್ಪಾ ನಿನ್ನ ಮುದುಕ, ಕುತ್ತಿಗೆ ನಂದು!"

ಅವನು ಕತ್ತಿ ಕೆಳಗಿಟ್ಟ.

"ಮೇಷ್ಟ್ರೇ, ನನ್ನ ಮುಖ ನೋಡಿ. ನಾನೇನೂ ಹಾಕ್ಕೊಂಡಿಲ್ಲ."

ನಗು ಅಲ್ಲೇ ನಿಂತಿತು. ಮುಖದ ತುಂಬ ನೊರೆ ಇದ್ದಂತೆಯೇ ಮೇಷ್ಟ್ರು ಎದ್ದು ಅವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅದು ಅವರ ಕೈಯೊಳಗೂ ನಡುಗುತ್ತಲೇ ಇತ್ತು.